ಅರ್ಧ ಗಡ್ಡದ ಮಾತು

ಸಾಯುವುದು ಅಷ್ಟೇನೂ ಕಷ್ಟವಲ್ಲ, ಸಾಯುವುದರ ಬಗ್ಗೆ ಮನೆಯವರ ಹತ್ತಿರ ಮಾತನಾಡುವುದಿದೆಯಲ್ಲ, ಅದು ಮಾತ್ರ ಜೀವ ಹಿಂಡುವ ಕೆಲಸ ಎಂಬುದು ಕತ್ತರಿಯಪ್ಪನಿಗೆ ಮನದಟ್ಟಾಗಿಹೋಯಿತು. ಆ ಬೀದಿಯ ಎಷ್ಟೋ ತಲೆಗಳು ಅವನ ಕೈಯಲ್ಲೇ ಬೆಳೆದು, ಅವನ ಕೈಯಲ್ಲೇ ನರೆತು, ಕೆಲವು ಅವನ ಕಣ್ಣೆದುರೇ ಬೋಳಾಗಿದ್ದವು. ಅಷ್ಟು ಜನರ ತಲೆ ತಗ್ಗಿಸಿ, ಎತ್ತಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿದವನಿಗೆ ತನ್ನ ಮನೆಯವರ ತಲೆಗಳನ್ನು ಒಂದೇ ಒಂದು ಮಾತಿನ ಕಡೆ ತಿರುಗಿಸಲು ಆಗಲಿಲ್ಲ.

ಎಲ್ಲಕ್ಕೂ ಮೂಲ ಡಾಕ್ಟರು. ಆಕೆ ಸುತ್ತಿ ಬಳಸಿ ಮಾತನಾಡುವವರಲ್ಲ. ಕತ್ತರಿಯಪ್ಪನ ಎದೆಯ ಫೋಟೋವನ್ನು ದೀಪದ ಹಲಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ತೋರಿಸುತ್ತಾ ಹೇಳಿಬಿಟ್ಟರು.

"ನಿಮ್ಮ ಶ್ವಾಸಕೋಶ ಸೋತುಹೋಗಿದೆ. ಔಷಧಿ ಹಾಕಿ ಎಳ್ಕೊಂಡು ಹೋಗ್ಬಹುದು, ಹೊಸದು ಮಾಡೋಕಾಗಲ್ಲ. ಯಾವತ್ತೋ ಒಂದಿನ ಉಸಿರು ಪೂರ್ತಿ ಕೈಕೊಡುತ್ತೆ. ಗಂಟಲಿಗೆ ಟ್ಯೂಬ್ ಇಳಿಸಿ ಮೆಷಿನ್ನಿಗೆ ಜೋಡಿಸ್ಬೇಕಾ ಬೇಡ್ವಾ ಅಂತ ಆವತ್ತು ನಿಮ್ಮನ್ನ ಕೇಳೋ ಹಾಗಿರಲ್ಲ. ಮನೆಯವರನ್ನ ಕೇಳ್ತೀವಿ. ಅದಕ್ಕೇ ಈಗ್ಲೇ ಕೂತು ಮಾತಾಡಿ."

"ನನಗೆ ಬೇಡ ಡಾಕ್ಟ್ರೇ. ಈಗ್ಲೇ ಹೇಳ್ತಿದೀನಲ್ಲ, ಮುಗೀತು."

"ನನಗೆ ಹೇಳಿದ್ರೆ ಮುಗಿಯಲ್ಲ. ಆವತ್ತು ಡ್ಯೂಟೀಲಿ ಯಾರಿರ್ತಾರೋ ಏನೋ. ಅವರು ನಿಮ್ಮ ಮಗನ ಮುಖ ನೋಡ್ತಾರೆ. ಮಗ ಏನಾದ್ರೂ ಮಾಡಿ ಉಳಿಸಿ ಅಂತ ಕೂಗಾಡಿದ್ರೆ, ಹಾಕೇ ಹಾಕ್ತಾರೆ."

ಮಗ ಕೂಗಾಡುತ್ತಾನೆ. ಅದರಲ್ಲಿ ಅನುಮಾನವೇ ಇರಲಿಲ್ಲ. ಅವನು ಬಸ್ಸು ತಪ್ಪಿದರೂ ಕೂಗಾಡುವವನು.

ಕತ್ತರಿಯಪ್ಪನಿಗೆ ಸಾವಿನ ಭಯವಿತ್ತೇ ಎಂದರೆ, ಎಲ್ಲರಿಗೂ ಇರುವಷ್ಟು ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಟ್ಯೂಬಿನ ಭಯವಿತ್ತು. ಅವನಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಅಣ್ಣ ಹಾಗೆಯೇ ಮೆಷಿನ್ನಿನ ಪಕ್ಕ ಮಲಗಿದ್ದ. ಬದುಕಿದಷ್ಟು ಕಾಲ ನುಣ್ಣಗೆ ಶೇವ್ ಮಾಡಿಕೊಳ್ಳದೆ ಹೊಸ್ತಿಲು ದಾಟದ ಮನುಷ್ಯನ ಮುಖದ ಮೇಲೆ ಗಡ್ಡ ಎತ್ತೆತ್ತಲೋ ಬೆಳೆದಿತ್ತು. ಕತ್ತರಿಯಪ್ಪ ಬ್ರಶ್ಶು, ಬ್ಲೇಡು, ಬಿಸಿನೀರಿನ ಫ್ಲಾಸ್ಕು ಎಲ್ಲ ಹಿಡಿದುಕೊಂಡು ಹೋದರೆ ನರ್ಸು ಬಾಗಿಲಲ್ಲೇ ತಡೆದಳು. ಟ್ಯೂಬು ಅಲುಗದ ಹಾಗೆ ಎರಡೂ ಕೆನ್ನೆಗೆ ಪಟ್ಟಿ ಅಂಟಿಸಿದ್ದರು, ಅದನ್ನು ಮುಟ್ಟುವ ಹಾಗಿರಲಿಲ್ಲ. ಬೀದಿಯವರೆಲ್ಲರ ಕೆನ್ನೆ ಸವರಿದ ಕೈಗೆ ಒಡಹುಟ್ಟಿದವನ ಕೆನ್ನೆ ಸಿಗಲಿಲ್ಲ. ಅಣ್ಣ ಆ ಗಡ್ಡದಲ್ಲೇ ಹೋದ.

ಹಾಗಾಗಿ ಅವನು ವಾರದ ರಜೆಯ ದಿನ, ಮಗ, ಮಗಳು ಎಲ್ಲರೂ ಊಟಕ್ಕೆ ಸೇರಿದ್ದಾಗ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ನಾನು ಸಾಯೋ ಹೊತ್ತಿಗೆ..."

"ಅಪ್ಪಾ! ಬಿಡ್ತು ಅನ್ನು!" ಮಗ ತಟ್ಟೆಯ ಮೇಲೆ ಚಮಚ ಕುಕ್ಕಿದ. "ಊಟದ ಹೊತ್ತಲ್ಲಿ ಎಂಥಾ ಮಾತು ಅದು?"

"ಸರಿ, ಊಟ ಆದ್ಮೇಲೆ ಹೇಳ್ತೀನಿ."

"ಆದ್ಮೇಲೂ ಬೇಡ!"

ಮಗಳ ಕಣ್ಣು ತುಂಬಿ, ಮೂಗು ಕೆಂಪಾಗಿ, ತುತ್ತು ಕೈಯಲ್ಲೇ ಉಳಿಯಿತು. ಅವಳು ಹುಟ್ಟಿದಾಗಿನಿಂದ ಹಾಗೆಯೇ, ಅಳು ಅವಳ ರೆಪ್ಪೆಯ ಹಿಂದೆಯೇ ಕಾದು ನಿಂತಿರುತ್ತದೆ. ಇನ್ನು ಹೆಂಡತಿ. ಆಕೆ ಅಳುವವಳಲ್ಲ, ಕೂಗಾಡುವವಳೂ ಅಲ್ಲ. ಎಲ್ಲರಿಗಿಂತ ಪಕ್ಕಾ ಆಸಾಮಿ ಅವಳೇ.

"ರೀ, ಬಚ್ಚಲಿನ ನಲ್ಲಿ ಸೋರ್ತಿದೆ, ಕೇಳಿಸ್ತಿದ್ಯಾ?" ಎಂದಳು.

"ನಾನು ಏನು ಹೇಳ್ತಿದೀನಿ, ನೀನು ಏನು ಹೇಳ್ತಿದೀಯ?"

"ನಲ್ಲಿ ಸೋರ್ತಿದೆ ಅಂತಿದೀನಿ. ಬಕೆಟ್ಟು ತುಂಬಿಹೋಗುತ್ತೆ."

ಮಗ ನಲ್ಲಿ ನೋಡಲು ಎದ್ದೇಹೋದ. ಮಗಳು ಮುಖ ತೊಳೆಯಲು ಅವನ ಹಿಂದೆ ಹೋದಳು. ಕತ್ತರಿಯಪ್ಪನ ಸಾವು ತಣ್ಣಗಾದ ಸಾರಿನ ಜೊತೆ ಮೇಜಿನ ಮೇಲೆಯೇ ಉಳಿಯಿತು. ಮತ್ತೊಂದು ದಿನ ಪ್ರಯತ್ನಿಸಿದ. ಆವತ್ತು ಪಕ್ಕದ ಮನೆಯವರು ಗೋಡೆಗೆ ಬಣ್ಣ ಹೊಡೆಸುತ್ತಿದ್ದಾರೆಂಬ ಸುದ್ದಿ ಬಂತು. ಇನ್ನೊಂದು ದಿನ ಹೆಂಡತಿಗೆ ಇದ್ದಕ್ಕಿದ್ದಂತೆ ಅವನ ಸ್ವೆಟರಿನ ತೋಳು ಸಡಿಲವಾದದ್ದು ಕಣ್ಣಿಗೆ ಬಿತ್ತು. ಈ ಮನೆಯಲ್ಲಿ ಮನುಷ್ಯ ಸಾಯಬೇಕೆಂದರೂ ಮೊದಲು ಸ್ವೆಟರ್ ಸರಿಮಾಡಿಸಿಕೊಂಡು ಸಾಯಬೇಕು ಎಂದು ಗೊಣಗಿಕೊಂಡು ಅವನು ಅಂಗಡಿಗೆ ಹೋದ.

ಅಂಗಡಿಯಲ್ಲಿ ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುತ್ತಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಆ ಕುರ್ಚಿಯಲ್ಲಿ ಕೂತು ಬಟ್ಟೆ ಕಟ್ಟಿಸಿಕೊಂಡವನು ಮಧ್ಯದಲ್ಲಿ ಎದ್ದು ಹೋದದ್ದನ್ನು ಅವನು ಈ ತನಕ ಕಂಡಿರಲಿಲ್ಲ. ಅರ್ಧ ಕತ್ತರಿಸಿದ ತಲೆ ಹೊತ್ತು ಎಲ್ಲಿಗೆ ಹೋದಾನು? ಅದೂ ಅಲ್ಲದೆ, ಕನ್ನಡಿ ಎದುರಿಗಿದ್ದರೆ ಜನ ಮನೆಯಲ್ಲಿ ಆಡದ ಮಾತನ್ನೂ ಆಡುತ್ತಾರೆ. ಎದುರಾಬದುರು ನೋಡುವ ಕಷ್ಟವಿಲ್ಲವಲ್ಲ. ಎಷ್ಟೋ ಗಂಡಸರು ಹೆಂಡತಿಗೆ ಹೇಳದ್ದನ್ನು ಅವನ ಕನ್ನಡಿಗೆ ಹೇಳಿದ್ದರು. ಇಷ್ಟು ವರ್ಷ ಅವನು ಕೇಳಿಸಿಕೊಂಡದ್ದಾಯಿತು, ಈಗ ಇವರು ಕೇಳಿಸಿಕೊಳ್ಳಲಿ. ಒಬ್ಬೊಬ್ಬರನ್ನೇ ಕೂರಿಸಬೇಕು.

ಮೊದಲು ಮಗಳು. ಅವಳು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಕೂದಲಿನ ತುದಿ ಒಡೆದಿದೆ, ಬಾ, ಸರಿಮಾಡಿಕೊಡ್ತೀನಿ ಎಂದು ಕರೆದಾಗ ಪಾಪ ಖುಷಿಯಾಗಿಯೇ ಬಂದಳು. ಅವನು ನೀರು ಚಿಮುಕಿಸಿ, ಬಾಚಿ, ಕ್ಲಿಪ್ಪು ಹಾಕಿ, ಕತ್ತರಿ ಆಡಿಸಲು ಶುರುಮಾಡಿದ ಮೇಲೆ ಮೆಲ್ಲಗೆ ಹೇಳಿದ.

"ನೋಡಮ್ಮ, ಡಾಕ್ಟ್ರು ಏನಂದ್ರು ಅಂದ್ರೆ..."

ಕನ್ನಡಿಯಲ್ಲಿ ಮೂಗು ಕೆಂಪಾಯಿತು. ಅವನು ಕಂಡೂ ಕಾಣದವನಂತೆ ಮುಂದುವರಿಸಿದ. ಅವಳು ಬಿಕ್ಕತೊಡಗಿದಳು. ಬಿಕ್ಕಿದಾಗಲೆಲ್ಲ ತಲೆ ಅಲುಗುತ್ತಿತ್ತು, ತಲೆ ಅಲುಗಿದಾಗಲೆಲ್ಲ ಕತ್ತರಿ ಹೋಗಬಾರದ ಕಡೆ ಹೋಗುತ್ತಿತ್ತು. ಒದ್ದೆ ಕೆನ್ನೆಗೆ ಕೂದಲಿನ ಚೂರುಗಳು ಅಂಟಿಕೊಂಡು ಅವಳಿಗೂ ಸಣ್ಣ ಮೀಸೆ ಮೂಡಿದಂತಾಯಿತು.

"ಅಪ್ಪಾ, ನಿನಗೇನೂ ಆಗಲ್ಲ ಅನ್ನು. ಅನ್ನು ಅಪ್ಪಾ!"

"ಆಯ್ತಮ್ಮ, ಅಳ್ಬೇಡ."

"ಹಾಗಲ್ಲ. ಸಾಯಲ್ಲ ಅನ್ನು."

ತಾನು ಸಾಯುವ ಬಗೆಯನ್ನು ತಿಳಿಸಲು ಮಗಳನ್ನು ಕೂರಿಸಿದ ಆ ಮನುಷ್ಯ, ಕೊನೆಗೆ ಟವೆಲಿನಿಂದ ಅವಳ ಮುಖ ಒರೆಸುತ್ತಾ, "ಸಾಯಲ್ಲ ಕಣಮ್ಮ, ಖಂಡಿತ ಸಾಯಲ್ಲ" ಎಂದು ಭಾಷೆ ಕೊಟ್ಟು ಕಳಿಸಿದ. ಕೂದಲೂ ಒಂದು ಕಡೆ ಗಿಡ್ಡವಾಗಿತ್ತು. ಅವಳು ಹೋದ ಮೇಲೆ ಅವನಿಗೆ ತನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ, ಬಾಚಣಿಗೆಯನ್ನು ಡ್ರಾಯರಿಗೆ ಎಸೆದು ಡ್ರಾಯರನ್ನು ಮೊಣಕಾಲಿನಿಂದ ತಳ್ಳಿ ಮುಚ್ಚಿದ.

ಮಗನ ವಿಷಯದಲ್ಲಿ ಅವನು ಹೆಚ್ಚು ಹುಷಾರಾದ. ಮಗ ಪಕ್ಕದ ಬೀದಿಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಬಿಡುವಾದಾಗ ಬಂದು ಶೇವ್ ಮಾಡಿಸಿಕೊಂಡು ಹೋಗುವುದು ವಾಡಿಕೆ. ಆವತ್ತು ಬಂದವನ ಮುಖಕ್ಕೆ ಕತ್ತರಿಯಪ್ಪ ದಪ್ಪಗೆ ನೊರೆ ಹಚ್ಚಿ, ಬಲಗೆನ್ನೆಯನ್ನು ಪೂರ್ತಿ ಮುಗಿಸಿ, ಎಡಗೆನ್ನೆಗೆ ಕೈ ಹಾಕುವ ಮುನ್ನ ನಿಲ್ಲಿಸಿದ. ಇನ್ನು ಎಲ್ಲಿಗೂ ಹೋಗಲಾರ ಎಂದು ನೆಮ್ಮದಿಯಿಂದ ಶುರುಮಾಡಿದ.

"ಈಗ ಬಾಯಿ ಮುಚ್ಕೊಂಡು ಕೇಳು. ನನ್ನ ಉಸಿರು ನಿಂತ ದಿನ ಗಂಟಲಿಗೆ ಟ್ಯೂಬ್ ಹಾಕಿಸ್ಬಾರ್ದು. ಮೆಷಿನ್ ಬೇಡ. ಮನೇಲೇ, ನನ್ನ ಮಂಚದ ಮೇಲೇ ಬಿಡ್ಬೇಕು. ಆಮೇಲೆ ದೊಡ್ಡ ಗಲಾಟೆ ಬೇಡ, ಭಾಷಣ ಬೇಡ. ಮುಖಕ್ಕೆ ಒಂದು ಚೊಕ್ಕ ಶೇವ್ ಮಾಡ್ಸಿ, ಸಾಕು. ಅದೂ ಆ ಎದುರಂಗಡಿ ಸೆಲೂನಿನವನ ಕೈಲಿ ಮಾತ್ರ ಬೇಡ. ಅವನ ಕೈ ಒರಟು."

"ಬಿಡ್ತು ಅನ್ನು ಅಂದ್ನಲ್ಲ!"

"ನಾನು ಅನ್ನಲ್ಲ. ನೀನು ಹೂಂ ಅನ್ನು."

"ನಿನ್ನನ್ನ ಸಾಯೋಕೆ ಬಿಟ್ಟೆ ಅಂತ ಅನ್ನಿಸ್ಕೋಬೇಕಾ ನಾನು? ಎಲ್ರ ಮುಂದೆ? ನನ್ನ ಕೈಲಾಗಲ್ಲ!"

ಎಂದವನೇ ಎದ್ದ. ಬಟ್ಟೆ ಕುತ್ತಿಗೆಯಲ್ಲಿ, ನೊರೆ ಎಡಗೆನ್ನೆಯಲ್ಲಿ, ಬಲಗೆನ್ನೆ ಮಿರಿಮಿರಿ. ಹಾಗೆಯೇ ಬಾಗಿಲು ತಳ್ಳಿಕೊಂಡು ಬೀದಿಗಿಳಿದ. ಕತ್ತರಿಯಪ್ಪ ರೇಜರ್ ಹಿಡಿದು ಕಲ್ಲಿನಂತೆ ನಿಂತ. ತನ್ನ ಲೆಕ್ಕಾಚಾರ ತಲೆಕೆಳಗಾದದ್ದು ಹಾಗಿರಲಿ, ಮಗ ಹೋದದ್ದಾದರೂ ಎಲ್ಲಿಗೆ? ಮನೆಗಲ್ಲ, ಅವನ ಅಂಗಡಿಗೂ ಅಲ್ಲ. ರಸ್ತೆ ದಾಟಿ ನೇರವಾಗಿ ಎದುರಂಗಡಿಗೆ, ಆ ಬಣ್ಣಬಣ್ಣದ ದೀಪ, ಗೋಡೆಯಗಲದ ಟಿವಿ ಇಟ್ಟುಕೊಂಡಿರುವವನ ಅಂಗಡಿಗೆ ನುಗ್ಗಿ, ಕುರ್ಚಿಯಲ್ಲಿ ದೊಪ್ಪನೆ ಕೂತ. ಅಪ್ಪ ಮಾಡಿದ ಅರ್ಧ ಶೇವನ್ನು ಅಪ್ಪನ ಕಣ್ಣೆದುರೇ ಆ ಒರಟು ಕೈಯವನಿಂದ ಮುಗಿಸಿಕೊಂಡ. ಅಂಗಡಿಗಳ ಬಾಗಿಲಲ್ಲಿ ನಿಂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಕತ್ತರಿಯಪ್ಪನಿಗೆ ಅವತ್ತೇ, ಅಲ್ಲೇ, ಯಾವ ಮೆಷಿನ್ನಿನ ಹಂಗೂ ಇಲ್ಲದೆ ಪ್ರಾಣ ಹೋಗಿಬಿಡಬಾರದೇ ಎನ್ನಿಸಿತು.

ಸಂಜೆ ಎದುರಂಗಡಿಯವನೇ ಬಂದ. ಕತ್ತರಿಯಪ್ಪನ ಅಂಗಡಿಯ ಬಟ್ಟೆಯನ್ನು ಒಗೆಸಿ ಮಡಿಸಿ ತಂದಿದ್ದ. ಅದೇ ಇನ್ನಷ್ಟು ಉರಿಯುವ ವಿಷಯ.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಅರ್ಧ ಗಡ್ಡದಲ್ಲಿ ಬಂದವನನ್ನ ವಾಪಸ್ ಕಳಿಸೋಕೆ ಆಗ್ಲಿಲ್ಲ. ಏನ್ ಸಮಾಚಾರ? ನಿಮ್ಮ ಕೈ ನಡುಗ್ತಿದೆ ಅಂತ ಬೀದಿಯೆಲ್ಲಾ ಮಾತಾಡ್ಕೋತಿದಾರೆ."

"ನನ್ನ ಕೈ ನಡುಗ್ತಿಲ್ಲ ಕಣಯ್ಯ! ನಾನು ಹೇಗೆ ಸಾಯ್ಬೇಕು ಅಂತ ಹೇಳೋಕೆ ಹೋದೆ, ಅಷ್ಟೇ!"

"ಹೌದಾ? ಹೇಗೆ?" ಎಂದು ಅವನು ಗಿರಾಕಿಗಳ ಬೆಂಚಿನ ಮೇಲೆ ಕಾಲು ಚಾಚಿ ಕೂತೇಬಿಟ್ಟ.

ಅವನಷ್ಟು ಶ್ರದ್ಧೆಯಿಂದ ಯಾರೂ ಕೇಳಿಸಿಕೊಂಡಿರಲಿಲ್ಲ. ಟ್ಯೂಬು ಬೇಡ ಎಂದಾಗ ತಲೆದೂಗಿದ, ಮಂಚ ಎಂದಾಗ ಯಾವ ಕೋಣೆ ಎಂದು ಕೇಳಿದ, ಭಾಷಣ ಬೇಡ ಎಂದಾಗ ಅದು ಸರಿ ಎಂದ. ಶೇವಿನ ಮಾತು ಬಂದಾಗ ಎದೆ ತಟ್ಟಿಕೊಂಡು, "ಅದನ್ನ ನನಗೆ ಬಿಡಿ ಅಣ್ಣಾ, ಎಂಥಾ ಕೆಲಸ ಇದ್ರೂ ಬಿಟ್ಟು ಬರ್ತೀನಿ" ಎಂದ. ಕತ್ತರಿಯಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆತ್ತ ಮಕ್ಕಳು ಕೇಳದ ಮಾತನ್ನು ಇವನು ಕಿವಿಗೊಟ್ಟು ಕೇಳಿದ್ದ, ಆದರೆ ಆಸ್ಪತ್ರೆಯವರು ಇವನ ಮುಖ ನೋಡುವುದಿಲ್ಲವಲ್ಲ. ಅಲ್ಲಿಗೆ ಅವನ ಉಪಾಯ, ಉತ್ಸಾಹ ಎರಡೂ ಮುಗಿದವು. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದು ದಿನದಿನಕ್ಕೂ ಹೆಚ್ಚುತ್ತಿತ್ತು. ಕೊನೆಗೆ ಅಣ್ಣನ ಗತಿಯೇ ನನಗೂ ಎಂದುಕೊಂಡು ಅವನು ಆ ಮಾತೆತ್ತುವುದನ್ನೇ ಬಿಟ್ಟ.

ಮುಂದಿನ ರಜೆಯ ದಿನ ಮಧ್ಯಾಹ್ನ ಅವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕನ್ನಡಿ ಒರೆಸುತ್ತಿದ್ದ. ಹೆಂಡತಿ ಇಸ್ತ್ರಿ ಮಾಡಿದ ಟವೆಲುಗಳ ಗಂಟು ಹೊತ್ತು ಬಂದಳು. ಅಂಗಡಿಯ ಟವೆಲುಗಳನ್ನು ಒಗೆದು ಇಸ್ತ್ರಿ ಮಾಡುವುದು ಮದುವೆಯಾದಾಗಿನಿಂದಲೂ ಅವಳದೇ ಕೆಲಸ. ಗಂಟನ್ನು ಕಪಾಟಿನಲ್ಲಿಟ್ಟು ಹೊರಟುಹೋಗುವವಳು ಆವತ್ತು ಹೋಗಲಿಲ್ಲ. ಬಂದು ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷಗಳಲ್ಲಿ ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

"ನನಗೂ ಬಟ್ಟೆ ಕಟ್ಟಿ," ಎಂದಳು.

"ನಿನಗ್ಯಾಕೆ?"

"ಎಲ್ರನ್ನೂ ಕೂರಿಸಿದ್ರಿ. ನನ್ನನ್ನ ಕರೀಲೇ ಇಲ್ಲ."

"ನಿನ್ನನ್ನ ಕರೆದು ಏನು ಮಾಡ್ಲಿ? ನಾನು ಸಾವು ಅಂದ್ರೆ ನೀನು ಸ್ವೆಟರ್ ಅಂತೀಯ! ಗೋಡೆಗೆ ಹೇಳೋದು ವಾಸಿ. ಗೋಡೆ ಆದ್ರೆ ಮಾತು ಬದಲಾಯಿಸಲ್ಲ."

"ಈಗ ಹೇಳಿ. ಬದಲಾಯಿಸಲ್ಲ."

ನಂಬಿಕೆ ಬರಲಿಲ್ಲ. ಆದರೂ ಬಟ್ಟೆ ಕಟ್ಟಿದ. ಅವಳ ಜಡೆ ಬಿಚ್ಚಿದ. ಎಷ್ಟು ತೆಳ್ಳಗಾಗಿಬಿಟ್ಟಿದೆ ಎಂದು ಮನಸ್ಸಿಗೆ ಚುರುಕ್ಕೆಂದಿತು, ದಿನಾ ಕಾಣುವುದು ಕಣ್ಣಿಗೆ ಬಿದ್ದಿರಲೇ ಇಲ್ಲ. ಬಾಚುತ್ತಾ ಹೇಳತೊಡಗಿದ. ಯಾವ ಕ್ಷಣದಲ್ಲಾದರೂ ನಲ್ಲಿಯೋ ಬಣ್ಣವೋ ಬಂದೀತೆಂದು ಗಡಿಬಿಡಿಯಲ್ಲೇ ಹೇಳಿದ. ಅವಳು ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡಳು.

"ಮೂಗಿಗೆ ಇಡ್ತಾರಲ್ಲ ಆಕ್ಸಿಜನ್ನು, ಅದು?" ಎಂದು ಕೇಳಿದಳು.

"ಅದು ಇರ್ಲಿ. ಹಾಯಾಗಿರುತ್ತೆ."

"ಸಂಕಟಕ್ಕೆ ಇಂಜೆಕ್ಷನ್ನು?"

"ಕೊಡ್ಲಿ."

"ಗಂಟಲಿಗೆ ಟ್ಯೂಬ್ ಬೇಡ. ಮೆಷಿನ್ ಬೇಡ. ಮನೇಲೇ."

"ಹೌದು. ಮಗ ಕೂಗಾಡ್ತಾನೆ."

"ಕೂಗಾಡ್ಲಿ. ಅವನ ಬಾಯಿ ಹೇಗೆ ಮುಚ್ಚಿಸ್ಬೇಕು ಅಂತ ನನಗೆ ಗೊತ್ತು. ಡಾಕ್ಟ್ರ ಮುಂದೆ ನಾನು ನಿಂತ್ಕೋತೀನಿ. ಬೇಡ ಅಂತ ನಾನೇ ಹೇಳ್ತೀನಿ. ಆಯ್ತಾ?"

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಳಿದ ಮರುಕ್ಷಣವೇ ಸಿಟ್ಟು ಬಂತು.

"ಇಷ್ಟೇನಾ? ಇಷ್ಟಕ್ಕೆ ನನ್ನನ್ನ ಇಷ್ಟು ಸತಾಯಿಸಿದ್ಯಾ? ಮಗ ಬೀದೀಲಿ ಮಾನ ಕಳೆದ, ಮಗಳ ಕೂದಲು ಹಾಳಾಯ್ತು. ಮೊದಲ್ನೇ ದಿನವೇ ಆಯ್ತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಈಗ ನನ್ನದು ಕೇಳಿ," ಎಂದಳು ಅವಳು.

"ನಿನ್ನದೇನು?"

"ನಾನು ಮೊದಲು ಹೋಗೋ ಹಾಗಾದ್ರೆ. ನನಗೆ ಹಾಕಿಸಿ. ಟ್ಯೂಬು, ಮೆಷಿನ್ನು, ಏನೇನಿದ್ಯೋ ಎಲ್ಲಾ."

ಬಾಚಣಿಗೆ ಕೂದಲಲ್ಲೇ ನಿಂತಿತು.

"ತಲೆ ಕೆಟ್ಟಿದ್ಯಾ ನಿನಗೆ? ಅಣ್ಣ ಮಲಗಿದ್ದನ್ನ ನೋಡಿದೀಯಲ್ಲ! ಮುಖ ಗುರುತು ಸಿಗ್ತಿರ್ಲಿಲ್ಲ. ಅದು ಒಂದು ಬದುಕಾ?"

"ನೀವು ಅವರ ಮುಖ ನೋಡಿ ವಾಪಸ್ ಬಂದ್ರಿ. ನಾನು ಅವರ ಕೈ ಹಿಡ್ಕೊಂಡು ಕೂತಿದ್ದೆ." ಅವಳ ದನಿ ಏರಲಿಲ್ಲ. "ಬೆಚ್ಚಗಿತ್ತು ರೀ. ಕೊನೇ ದಿನದವರೆಗೂ ಬೆಚ್ಚಗಿತ್ತು. ನನಗೆ ಅಷ್ಟಿದ್ರೂ ಸಾಕು. ಕೈ ಬೆಚ್ಚಗಿರೋ ತನಕ ನನ್ನನ್ನ ಬಿಡ್ಬೇಡಿ. ನಂಗೆ ಹೋಗೋಕೆ ಭಯ."

ಅವನು ಬೈಯಲು ಬಾಯಿ ತೆರೆದ. ಒಳ್ಳೊಳ್ಳೆ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು, ಮಕ್ಕಳಿಗೆಂದು ಅಷ್ಟು ದಿನ ಹದಮಾಡಿಕೊಂಡ ಮಾತುಗಳು. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಬೆಚ್ಚಗಿನ ಒಂದು ಕೈ ಸಿಕ್ಕರೂ ಸಾಕು ಎನ್ನುವ ಈ ಹೆಂಗಸು, ಈಗಷ್ಟೇ, ಅವನ ಕೈ ತಣ್ಣಗಾಗಲು ಬಿಡುತ್ತೇನೆಂದು ಒಪ್ಪಿಕೊಂಡಿದ್ದಳು. ಡಾಕ್ಟರ ಮುಂದೆ ನಿಂತು ತಾನೇ ಹೇಳುತ್ತೇನೆಂದಿದ್ದಳು.

"ಹಾಗಾದ್ರೆ ನನ್ನದಕ್ಕೆ ಯಾಕೆ ಆಯ್ತು ಅಂದೆ?"

"ನೀವು ಕೇಳಿದ್ರಲ್ಲ." ಅವಳು ಬಟ್ಟೆಯ ಕೆಳಗಿಂದ ಕೈ ತೆಗೆದು ಕಣ್ಣು ಒರೆಸಿಕೊಂಡಳು. "ಕೇಳಿಸ್ಕೊಂಡ್ರೆ ಮಾಡ್ಲೇಬೇಕಾಗುತ್ತೆ. ಅದಕ್ಕೇ ಇಷ್ಟು ದಿನ ಕೇಳಿಸ್ಕೊಳ್ಳಲಿಲ್ಲ."

ಕತ್ತರಿಯಪ್ಪ ಅವಳ ಕೂದಲಲ್ಲಿ ನಿಂತಿದ್ದ ಬಾಚಣಿಗೆಯನ್ನು ಬಿಡಿಸಿಕೊಂಡ. ಹೊರಗೆ ಯಾರೋ ಬಾಗಿಲು ಬಡಿದು, ಇವತ್ತು ರಜೆಯೇ ಎಂದು ಕೇಳಿ ಹೋದರು. ಅವಳ ಮುಖಕ್ಕೆ ಟ್ಯೂಬು, ಕೆನ್ನೆಗೆ ಪಟ್ಟಿ, ತಾನು ಪಕ್ಕದ ಸ್ಟೂಲಿನ ಮೇಲೆ. ನೆನೆಸಿಕೊಳ್ಳಲೂ ಆಗಲಿಲ್ಲ. ಈ ಮಾತು ಈಗ ಬೇಡ, ಇನ್ಯಾವತ್ತಾದರೂ ಆಡೋಣ ಎನ್ನುವ ಆಸೆ ಗಂಟಲ ತನಕ ಬಂದಿತ್ತು.

"ಹೇಳಿ," ಎಂದಳು ಅವಳು.

"ಆಯ್ತು."

"ಏನು ಆಯ್ತು?"

"ಹಾಕಿಸ್ತೀನಿ ಕಣೇ," ಎಂದ ಕತ್ತರಿಯಪ್ಪ. "ಪಕ್ಕದಲ್ಲೇ ಕೂತಿರ್ತೀನಿ."